ಬಾದಶಾನ ಒಂದು ಜಿಗಿತ

ಶಹಾಬಾದಿನ ನಮ್ಮ ಚೆಸ್ ಕ್ಲಬ್ಬಿನಲ್ಲಿ ಸರ್ವರಬೇಗಂ ಒಬ್ಬರೇ ಹೆಣ್ಣು. ಸಿಟ್ಟೂ ಅವರದೇ ಹೆಚ್ಚು. ಗಂಡನ ಮನೆಯಲ್ಲಿ ಹೊಲಿಗೆ ಮಷಿನ್ನಿನ ಮುಂದೆಯೇ ಕೂತಿದ್ದವರು, ಐವತ್ತು ದಾಟಿದ ಮೇಲೆ ಬರತೊಡಗಿದರು. ಕರಿಕಾಯಿ ಸಿಕ್ಕರೆ ಸಿಸಿಲಿಯನ್ ಡಿಫೆನ್ಸೇ. ಹೆಸರಿಗೆ ರಕ್ಷಣೆ, ಆಡುವುದು ಮೈಮೇಲೆ ಏರಿಹೋಗುವ ಆಟ.

"ಬಾದಶಾನ್ನ ಮೂಲ್ಯಾಗ ಕುಂದ್ರಸ್ತಾರೇನ್ರಿ?" ಎಂದು ರಾಜನನ್ನು ನಡುವೆಯೇ ಬಿಡುತ್ತಾರೆ.

ಮೊನ್ನೆ ಕಲ್ಯಾಣಪ್ಪ ಮಾಸ್ತರರು ಆ ರಾಜನನ್ನು ಎಲ್ಲ ಕಡೆಯಿಂದ ಸುತ್ತುವರಿದರು. ಮುಂದಿನ ನಡೆಗೆ ಮಾತ್, ಆಟ ಮುಗಿದಂತೆ. ಬೇಗಂ ನಕ್ಕು, ರಾಜನನ್ನೆತ್ತಿ ಕುದುರೆಯಂತೆ ಆಚೆ ಜಿಗಿಸಿದರು.

"ಏನ್ರಿ ಇದು?"

"ಇನ್ನಾ ಒಮ್ಮಿನೂ ಶಹ ಬಿದ್ದಿಲ್ಲ. ಬಾದಶಾಗ ಒಂದ್ ಜಿಗತ ಅದ."

"ಚೆಕ್ ಬೀಳೂತನಕ ರಾಜಾಗ ಒಂದ್ ಜಿಗತ ಅನ್ನೂದು ಹಳೀ ದೇಸಿ ಆಟದ ಕಾಯ್ದೆರಿ. ಇಲ್ಲಿ ನಡ್ಯಂಗಿಲ್ಲ."

ಬೇಗಂ ರಾಜನನ್ನು ಮತ್ತೆ ಮೊದಲಿದ್ದ ಮನೆಯಲ್ಲೇ ಇಟ್ಟರು. ಚಿಕ್ಕಂದಿನಲ್ಲಿ ಅವರಿಗೆ ಆ ಹಳೇ ಆಟ ಕಲಿಸಿದ್ದು ತಂದೆ, ಅವರ ಅಬ್ಬಾ. ಹದಿನಾರಕ್ಕೇ ನಿಕಾಹ್ ಮಾಡಿ ಕಳಿಸಿದ್ದೂ ಅವರೇ.

"ಒಂದೇ ಜಿಗತ ಅದ, ಅವಸರ ಮಾಡಬ್ಯಾಡ, ಉಳಿಸ್ಕೋ ಅಂತಿದ್ರು ಅಬ್ಬಾ," ಎಂದರು, ಹಲಗೆಯಿಂದ ಕಣ್ಣೆತ್ತದೆ. "ಇಷ್ಟ್ ವರ್ಷ ಉಳಿಸ್ಕೊಂಡೇ ಕುಂತೆ ನೋಡ್ರಿ, ಮಾಸ್ತರ್."