ಸಿಮೆಂಟ್ ಕೆತ್ತುವ ವಿದ್ಯೆ

ನಮ್ಮಪ್ಪನ ನೌಕರಿಯೆಲ್ಲ ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲೇ ಸವೆಯಿತು. ನಾನು ಹುಟ್ಟಿ ಬೆಳೆದು ಸಿವಿಲ್ ಇಂಜಿನಿಯರ್ ಆದದ್ದೂ ಅಲ್ಲಿನ ಕ್ವಾರ್ಟರ್ಸಿನಲ್ಲೇ. ಯುರೋಪಿನ ಹಳೆಯ ನಗರವೊಂದರಲ್ಲಿ ಮುಂದೆ ಓದಲು ಸೀಟು ಸಿಕ್ಕಿದ್ದೇ ತಡ, ಅಪ್ಪ ಹರಕೆ ತೀರಿಸಲು ಓಡಿದ. ಭಂಕೂರದ ಹತ್ತಿರ ನಮ್ಮೂರಿನಲ್ಲಿ ಕಲ್ಲು-ಸುಣ್ಣದಿಂದ ಕಟ್ಟಿದ ಪುಟ್ಟ ಹನುಮಪ್ಪನ ಗುಡಿಯಿದೆ. ಅದರ ಗೋಡೆಗೆಲ್ಲ ಸಿಮೆಂಟ್ ಗಿಲಾವು ಮಾಡಿಸಿದ. "ಇನ್ನ ನೂರು ವರ್ಷ ಯಾರೂ ಮುಟ್ಟೂದು ಬ್ಯಾಡ" ಎಂದು ಮೀಸೆ ತಿರುವಿದ. ಇಂಜಿನಿಯರ್ ಎಂಬ ಗತ್ತಿನಲ್ಲಿ, ಎಷ್ಟು ಮರಳಿಗೆ ಎಷ್ಟು ಸಿಮೆಂಟ್ ಎಂದು ಹೇಳಿದವಳು ನಾನೇ.

ಯುರೋಪಿಗೆ ಹೋದ ಮೊದಲ ದಿನವೇ ನಮ್ಮ ಪ್ರೊಫೆಸರಮ್ಮ ನಮ್ಮನ್ನೆಲ್ಲ ಕೋಟೆಗೋಡೆಯ ಮುಂದೆ ನಿಲ್ಲಿಸಿದರು. ಹಿಂದೆ ಯಾರೋ ರಿಪೇರಿ ಮಾಡುವಾಗ ಕಲ್ಲಿನ ಸಂದುಗಳಿಗೆ ಸಿಮೆಂಟ್ ತುಂಬಿದ್ದರಂತೆ. ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಕಲ್ಲೇ ಪುಡಿಯಾಗುತ್ತಿತ್ತು.

"ಈ ಗೋಡೆಗೆ ಸಿಮೆಂಟೇ ವೈರಿ. ಅಷ್ಟನ್ನೂ ಕೈಯಿಂದ ಕೆತ್ತಿ ತೆಗೆಯಿರಿ. ಆಮೇಲೆ ಸುಣ್ಣ ತುಂಬೋಣ" ಎಂದರು.

ಶಹಬ್ಬಾಸ್! ಸಿಮೆಂಟಿನ ಅನ್ನ ಉಂಡು ಬೆಳೆದವಳು ವಿಮಾನ ಹತ್ತಿ ಅಷ್ಟು ದೂರ ಬಂದದ್ದು ಸಿಮೆಂಟ್ ಕೆರೆಯಲಿಕ್ಕೆ.

ಪ್ರತಿ ಭಾನುವಾರ ಅಪ್ಪನ ಫೋನು.

"ಏನ್ ಕಟ್ಟಲಿಕತ್ತೀರವ್ವಾ ಅಲ್ಲಿ?"

"ಕೋಟಿ ಗ್ವಾಡಿ ಕಟ್ಟಲಿಕತ್ತೀವಿ ಅಪ್ಪಾ."

"ಸಿಮೆಂಟ್ ಸಿಗ್ತದೇನು?"

"ಭಾಳ ಸಿಗ್ತದ."

ಅದು ಸುಳ್ಳಲ್ಲ. ದಿನಕ್ಕೊಂದು ಬಕೆಟ್ ಸಿಗುತ್ತಿತ್ತು.

ನಮ್ಮ ಹನುಮಪ್ಪನ ಗುಡಿಯ ಗೋಡೆಯೂ ಕಲ್ಲು-ಸುಣ್ಣದ್ದೇ. ನಿನ್ನ ಹರಕೆಯೇ ಗುಡಿಯನ್ನು ತಿನ್ನುತ್ತಿದೆ ಎಂದು ಅವನಿಗೆ ಯಾವ ಬಾಯಿಂದ ಹೇಳಲಿ? ಅವನು ಫೋಟೋ ಕೇಳಿದಾಗ ಗೋಡೆಯ ಮುಂದೆ ಹೆಲ್ಮೆಟ್ ಹಾಕಿಕೊಂಡು ನಿಂತದ್ದೊಂದನ್ನು ಕಳಿಸಿದೆ. ಮಗಳು ಫಾರಿನ್ನಿನಲ್ಲಿ ಕೋಟೆ ಕಟ್ಟುತ್ತಿದ್ದಾಳೆ ಎಂದು ಕಾಲೊನಿ ತುಂಬ ತೋರಿಸಿಕೊಂಡು ಬಂದನಂತೆ. ಹೇಳುವ ಧೈರ್ಯ ಇದ್ದಷ್ಟೂ ಹೋಯಿತು.

ರಜೆಗೆ ಬಂದಾಗ ಅಪ್ಪ ಬೆಳಿಗ್ಗೆಯೇ ಗುಡಿಗೆ ಕರೆದೊಯ್ದ. ಗಿಲಾವು ಅಲ್ಲಲ್ಲಿ ಉಬ್ಬಿತ್ತು. ಬುಡದಲ್ಲಿ ಬಿಳಿ ಉಪ್ಪು ಎದ್ದಿತ್ತು. ಮುಟ್ಟಿದರೆ ಗೋಡೆ ಒದ್ದೆ.

"ಈ ಸಲ ಮಳಿ ಜಾಸ್ತಿ ಆಗಿರ್ಬೇಕು, ಅಪ್ಪಾ" ಎಂದೆ.

"ಸಾಕ್ ಬಿಡವ್ವಾ. ಕಟ್ಟೋರ ಕೈಯಾಗ ಕರಣಿ ಇರ್ತದ. ಫೋಟೋದಾಗ ನಿನ್ನ ಕೈಯಾಗ ಕೆತ್ತೂ ಚಾಣ ಇತ್ತು. ಈ ಗ್ವಾಡಿ ಯಾಕ ಉಬ್ಬಲಿಕತ್ತದ ಅಂತ ಅವತ್ತೇ ತಿಳೀತು."

ನನಗೆ ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು. ಚಾಣವನ್ನು ಮರೆಮಾಡುವಷ್ಟೂ ಬುದ್ಧಿ ಈ ಇಂಜಿನಿಯರಿಗೆ ಇರಲಿಲ್ಲ.

"ಗೊತ್ತಿದ್ದೂ ಮಂದಿಗೆಲ್ಲ ಯಾಕ ತೋರಿಸಿದಿ?"

ಅಪ್ಪ ಕೈಚೀಲದಿಂದ ಎರಡು ಚಾಣ, ಎರಡು ಸುತ್ತಿಗೆ ತೆಗೆದ. "ಕಲ್ಲಿಗೆ ಪೆಟ್ಟಾಗಬಾರ್ದು. ಎಲ್ಲಿಂದ ಶುರು ಮಾಡೂನು, ಹೇಳು" ಎಂದ.

ಬುಡದಿಂದ ಎಂದೆ. ಇಬ್ಬರೂ ಕುಕ್ಕರಗಾಲಿನಲ್ಲಿ ಕೂತು ಕೆತ್ತತೊಡಗಿದೆವು. ಹಾದಿಯಲ್ಲಿ ಹೋಗುತ್ತಿದ್ದ ಊರಿನ ಹಿರಿಯರೊಬ್ಬರು ಗಾಬರಿಯಾಗಿ ನಿಂತರು.

"ಏನ್ರಿ ಇದು, ಗುಡಿ ಕೆಡವಲಿಕತ್ತೀರೇನು?"

ಅಪ್ಪ ತಲೆಯೆತ್ತಲಿಲ್ಲ.

"ಇಲ್ರಿ. ನಮ್ಮ ಮಗಳು ಕಟ್ಟಲಿಕತ್ತಾಳ."