ಮೂತಿಯಲ್ಲಿ ಕುಳಿಯಿರುವ ಗುಂಡು

ಚುನಾವಣೆ ಮುಗಿದು ನಮ್ಮ ಕೋವಿ ಮೊನ್ನೆ ಠಾಣೆಯಿಂದ ಮನೆಗೆ ಬಂತು. ಮತದಾನ ಹತ್ತಿರ ಬಂತೆಂದರೆ ಬೆಳೆ ಕಾಯುವ ಕೋವಿಗಳೆಲ್ಲ ಠಾಣೆಗೆ ಹೋಗಿ ಕೂರಬೇಕು. ಆ ಸುದ್ದಿಯನ್ನು ಕಾಡುಹಂದಿಗಳಿಗೆ ಯಾರು ಮುಟ್ಟಿಸುತ್ತಾರೋ, ಅಷ್ಟರಲ್ಲಿ ಅರ್ಧ ಮರಗೆಣಸು ಖಾಲಿ. ನನ್ನವರು ಕೋವಿಗೆ ಎಣ್ಣೆ ಹಚ್ಚುವಾಗ ಆ ವಾಸನೆ ಅಡುಗೆಮನೆಗೆ ಬಂತು, ಹಿಂದೆಯೇ ಮಾತೂ ಬಂತು. "ತೋಟೆಗೆ ಮದ್ದು ನೀನೇ ತುಂಬಿಸ್ತೀಯಾ? ಅಮ್ಮನ ಕೈ ಈಗ ನಡುಗ್ತದೆ."

ದೀಪಾವಳಿಯ ಪಟಾಕಿಗೇ ಕಿವಿ ಮುಚ್ಚಿಕೊಂಡು ಕೋಣೆ ಸೇರುವವಳು ನಾನು. ಈಶ್ವರಮಂಗಲದಿಂದ ಅಜ್ಜಾವರದ ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ, ಅತ್ತೆ ಜಗಲಿಯಲ್ಲಿ ಕೂತು ಕಪ್ಪನೆಯ ಪುಡಿ ಅಳೆಯುವುದನ್ನು ಕಂಡು ಕಾಳುಮೆಣಸಿನದ್ದೇ ಇರಬೇಕೆಂದು ಮೂಸಿ ನೋಡಿದ್ದೆ, ನೋಡಿ! ಅದು ಕೋವಿಯ ಮದ್ದು. ಹಿತ್ತಾಳೆಯ ಖಾಲಿ ತೋಟೆಗಳಿಗೆ ಅದನ್ನು ತುಂಬಿಸುವುದು ಅತ್ತೆಯ ಪಾಲಿನ ಕೆಲಸ.

ಗುಂಡು ಮಾವನ ಪಾಲಿಗೆ. ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಪ್ರತಿ ಗುಂಡಿನ ಮೂತಿಯಲ್ಲೂ ಒಂದು ಪುಟ್ಟ ಕುಳಿ. ಅಚ್ಚು ಕೆಟ್ಟಿದೆಯೆಂದು ಎಣಿಸಿ ನಾನು ಹೇಳಲು ಹೋದೆ.

"ಅದು ಬೇಕೂಂತಲೇ ಮಾಡುದು" ಎಂದರು ಮಾವ. "ಕುಳಿ ಇದ್ರೆ ಗುಂಡು ಹೊಕ್ಕಲ್ಲೇ ಅರಳ್ತದೆ. ಹಂದಿ ನಿಂತಲ್ಲೇ ಬೀಳ್ಬೇಕು. ಎಲ್ಲಿಯೋ ಓಡಿ ಹೋಗಿ ನರಳುದು ಬೇಡ."

ಕೊಲ್ಲುವುದರಲ್ಲೂ ಇಷ್ಟು ಕರುಣೆಯೇ ಎಂದು ನನಗೆ ಆಗಲೇ ಗೊಂದಲ.

ಇಷ್ಟೆಲ್ಲ ಮಾಡಿಯೂ ಹಂದಿ ಬಿದ್ದದ್ದನ್ನು ನಾನು ಕಂಡವಳಲ್ಲ. ಢಂ ಎಂಬ ಸದ್ದು, ಒಂದಿಷ್ಟು ಹೊಗೆ. ಹೊಗೆ ತಿಳಿಯಾದರೆ ಬರೀ ಗೆಣಸಿನ ಸಾಲು. ಆಚೆಮನೆಯ ಹಮೀದಾಕ ಬೇಲಿಯಾಚೆ ನಿಂತು, "ಶಬ್ದ ಭಾರೀ ಉಂಟು ಮಾರಾಯ್ರೆ! ಹಂದಿಗೆ ಮೊದಲೇ ಹೇಳಿ ಹೊಡಿಯುದಾ ಹೇಗೆ?" ಎಂದು ಕಾಲೆಳೆಯುತ್ತಿದ್ದರು. ಮಾವ ನಕ್ಕುಬಿಡುತ್ತಿದ್ದರು. ಊರಿನಲ್ಲಿ ಅವರಿಗೆ ಗುರಿಯೇ ಇಲ್ಲ ಎಂಬ ಹೆಸರು ಬಂದಿತ್ತು. ನನಗೆ ಅದು ಸಂಕಟವಾಗುತ್ತಿತ್ತು. ಗುರಿ ಯಾಕೆ ತಪ್ಪುತ್ತದೆಂದು ಒಮ್ಮೆ ತಡೆಯಲಾರದೆ ಅವರನ್ನೇ ಕೇಳಿಬಿಟ್ಟೆ. ಮಾವ ಒಳಗೆ ಇಣುಕಿ ನೋಡಿ ದನಿ ತಗ್ಗಿಸಿದರು.

"ಅವಳು ಮದ್ದು ಕಮ್ಮಿ ಹಾಕ್ತಾಳೆ. ಗುಂಡು ಅರ್ಧ ದಾರಿಯಲ್ಲೇ ಬೀಳ್ತದೆ. ನನಗೆ ಗೊತ್ತುಂಟೂಂತ ಅವಳಿಗೆ ಹೇಳ್ಬೇಡ."

ಹೇಳಲಿಲ್ಲ. ಮಾವ ತೀರಿಕೊಂಡ ಮೇಲೂ ಹೇಳಲಿಲ್ಲ. ಮೊನ್ನೆ ಅತ್ತೆಯ ಎದುರು ತೋಟೆಗಳನ್ನು ಹರಡಿಕೊಂಡು ಕೂತಾಗ ಮಾತ್ರ ಬಾಯಿ ಜಾರಿತು. "ಅತ್ತೆ, ಮದ್ದು ನಿಮ್ಮ ಹಾಗೆಯೇ ಕಮ್ಮಿ ಹಾಕುದಾ?"

ಅತ್ತೆ ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡಿದರು. "ಕಮ್ಮಿಯಾ? ಎಂತ ಹೇಳ್ತಿ ನೀನು! ನಾನು ಒಂದು ದಿನವೂ ಕಮ್ಮಿ ಹಾಕಿದವಳಲ್ಲ. ಅವರೇ ಬೇಕೂಂತ ಮೇಲಕ್ಕೆ ಹೊಡೀತಿದ್ರು. ಪಾಪ, ನನಗೆ ಗೊತ್ತಿಲ್ಲಾಂತ ಎಣಿಸಿದ್ರು."

ಈಗ ಹೇಳಿ, ನಾನು ಯಾರನ್ನು ನಂಬಲಿ? ಒಬ್ಬರು ಸುಳ್ಳು ಹೇಳಿದರೇ, ಅಥವಾ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಇಷ್ಟು ವರ್ಷ ಹಂದಿಯನ್ನು ಉಳಿಸಿದರೇ? ಹಾಗಾದರೆ ಆ ಕುಳಿಗೆ ಅಷ್ಟು ಕಷ್ಟಪಟ್ಟದ್ದು ಯಾಕೆ? ಇರುವ ಗೆಣಸಾದರೂ ಉಳಿಯಬೇಕು. ಹಂದಿ ಸಾಯಬಾರದು ಎಂಬುದೂ ಎಲ್ಲಿಂದಲೋ ಬಂದು ಮನಸ್ಸಿನಲ್ಲಿ ಕೂತುಬಿಟ್ಟಿತು. ತಲೆ ಕೆಟ್ಟುಹೋಯಿತು.

ಕೊನೆಗೆ ಅಳತೆ ತಪ್ಪದೆ ತುಂಬಿಸಿದೆ. ಸಂಜೆ ತೋಟೆಗಳನ್ನು ನನ್ನವರ ಕೈಗೆ ಕೊಟ್ಟು, "ಮದ್ದು ಪೂರ್ತಿ ಉಂಟು. ತಪ್ಪಿದ್ರೆ ನನ್ನ ಮೇಲೆ ಹಾಕ್ಲಿಕ್ಕಿಲ್ಲ" ಎಂದೆ.

ಅವರು ತೋಟೆಗಳನ್ನು ಜೇಬಿಗೆ ಹಾಕಿಕೊಂಡರು. ನನ್ನ ಮುಖ ನೋಡದೆ ಅಂಗಳಕ್ಕಿಳಿದು, ಅಲ್ಲಿಂದಲೇ ಮೆಲ್ಲಗೆ ಕೇಳಿದರು. "ಪೂರ್ತಿ ಯಾಕೆ ಹಾಕ್ಲಿಕ್ಕೆ ಹೋದದ್ದು ಮಾರಾಯ್ತಿ?"