ಬೇಸಿಗೆಯ ಹಳ್ಳ ನೋಡದೆ ಸಹಿ ಹಾಕದವರು

ನಮ್ಮ ಸಾಹೇಬರ ಪ್ಯಾಂಟಿನ ಮಂಡಿ ಯಾವಾಗಲೂ ಎರೆಮಣ್ಣಿನಿಂದ ಕಪ್ಪಾಗಿರುತ್ತಿತ್ತು. ಕಾರ್ಖಾನೆಗೆ ಗೊತ್ತುಮಾಡಿದ ಜಾಗಕ್ಕೆ ಹೋದರೆ ಸಾಕು, ಜೀಪಿನಿಂದ ಇಳಿದು ಮಂಡಿಯೂರಿ, ಮಣ್ಣು ಹಿಸುಕಿ, ನೀರು ಯಾವ ಕಡೆ ಇಳಿಯುತ್ತದೆಂದು ನೋಡುತ್ತಿದ್ದರು. ಏಳುವಾಗ ಮಾತ್ರ "ಯಾ ಅಲ್ಲಾ, ಸಾಕಾಗ್ಯಾದ" ಎಂದು ನನ್ನ ಹೆಗಲು ಹಿಡಿಯುತ್ತಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳು. ಮಾಲಿನ್ಯ ನಿಯಂತ್ರಣ ಕಚೇರಿಗೆ ನಾನು ಹೊಸಬ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳು ನಮ್ಮಿಬ್ಬರ ಪಾಲಿಗೆ. ಕಾರ್ಖಾನೆ ಬರುವ ಮೊದಲೇ ಅದರಿಂದ ಯಾರಿಗೆ ಏನು ಅಪಾಯವಾದೀತು ಎಂಬ ತನಿಖೆಗೆ ಯೋಜನೆ ಹಾಕುವುದು ನಮ್ಮ ಕೆಲಸ. ಕಾಯ್ದೆ ಹೊಸದು, ಕುರ್ಚಿ ಹಳೆಯವು, ಮೇಲಿನವರಿಗೆ ಅವಸರ.

ಜೇವರ್ಗಿ ಕಡೆಯ ಒಂದು ಹಳ್ಳಿಯಲ್ಲಿ ಸಾರಾಯಿ ಕಾರ್ಖಾನೆಯವರು ಹೊಲಸು ನೀರು ನಿಲ್ಲಿಸಲು ಹಳ್ಳದ ದಂಡೆಗೇ ಹೊಂಡ ತೋಡುವವರಿದ್ದರು. ಮೇಲಿನ ಕಚೇರಿಯ ತಂಡ ಮಳೆಗಾಲದಲ್ಲಿ ಬಂದು, ಊರವರು ಬಾವಿ ನೀರು ಕುಡಿಯುವುದನ್ನು ಕಂಡು, ಹಳ್ಳ ಹೇಗೂ ಬೇಸಿಗೆಗೆ ಒಣಗುತ್ತದೆ, ಅಪಾಯವಿಲ್ಲ ಎಂದು ವರದಿ ಬರೆದು ಸಾಹೇಬರ ಸಹಿಗೆ ಕಳಿಸಿತ್ತು. ಸಾಹೇಬರು ಹಣೆ ಚಚ್ಚಿಕೊಂಡರು.

"ಹಳ್ಳ ಒಣಗಿದಾಗೇ ಮಂದಿ ಅಲ್ಲಿ ಒರತಿ ತೋಡ್ತಾರ, ತಮ್ಮಾ. ಬಾವಿ ಬತ್ತಿದ್ರ ಉಸುಕಿನ್ಯಾಗಿನ ಆ ನೀರೇ ಗತಿ. ಬ್ಯಾಸಗ್ಯಾಗ ನೋಡದ ನಾ ಸಹಿ ಹಾಕಂಗಿಲ್ಲ."

ಯೋಜನೆಯಲ್ಲಿ ಬೇಸಿಗೆಯ ತನಿಖೆ ಸೇರಿಸಿದರು. ಮೇಲಿನ ಕಚೇರಿಯಿಂದ ವಾಪಸು ಬಂತು. ಮತ್ತೆ ಕಳಿಸಿದರು, ಮತ್ತೆ ಬಂತು. ಫೋನಿನಲ್ಲಿ ಬೈಸಿಕೊಂಡು ಕೂತ ಅವರ ಮುಖ ನೋಡಲು ನನಗೆ ಸಂಕಟವಾಗುತ್ತಿತ್ತು. ನಿವೃತ್ತಿ ಹತ್ತಿರವಿತ್ತು, ಸಹಿ ಹಾಕಿ ಕೈತೊಳೆದುಕೊಳ್ಳಬಹುದಿತ್ತು. "ದಣದೀನಪಾ" ಎನ್ನುವರು, ಚಹಾ ಕುಡಿದು ಮತ್ತೆ ಅದನ್ನೇ ಬರೆಯುವರು. ಕೊನೆಗೆ ಮೇಲಿನವರೇ ಬೇಸತ್ತು ಒಪ್ಪಿದರು.

ಬೇಸಿಗೆ ಬರುವಷ್ಟರಲ್ಲಿ ಅವರು ನಿವೃತ್ತರಾಗಿ ಹಾಸಿಗೆ ಹಿಡಿದಿದ್ದರು. ತಂಡವನ್ನು ನಾನೇ ಕರೆದೊಯ್ದೆ. ಹಳ್ಳದ ಉದ್ದಕ್ಕೂ ಒರತೆಗಳು. ತಂಬಿಗೆಯಿಂದ ಕೊಡ ತುಂಬುತ್ತಿದ್ದ ಹೆಂಗಸೊಬ್ಬಳು, "ಬಿಸಿಲಾಗ ಬಂದೀರಿ, ಕುಡೀರಿ, ಸಿಹಿ ನೀರ ಅದಾವ" ಎಂದಳು. ತಂಡದವರು ಕುಡಿದರು. ಅಲ್ಲಿ ಹೊಂಡಕ್ಕೆ ಒಪ್ಪಿಗೆ ಸಿಗಲಿಲ್ಲ.

ನೇರ ಸಾಹೇಬರ ಮನೆಗೆ ಹೋಗಿ ಹೇಳಿದೆ. ಹಿಗ್ಗುತ್ತಾರೆಂದುಕೊಂಡಿದ್ದೆ. ಕಣ್ಣು ಮುಚ್ಚಿಕೊಂಡೇ ಕೇಳಿದರು:

"ಮತ್ತ ಎಲ್ಲಿ ತೋಡ್ತಾರಂತ?"

"ಅಫಜಲಪುರ ಕಡೆ ಜಾಗಾ ನೋಡಾಕತ್ತಾರಂತ್ರಿ."

"ಹಂಗಾರ ಅಲ್ಲೀನೂ ಬ್ಯಾಸಗ್ಯಾಗ ಹೋಗು."

ಮಳೆ ಬೀಳುವ ಮೊದಲೇ ಅವರು ತೀರಿಕೊಂಡರು. ಮುಂದಿನ ಬೇಸಿಗೆಗೆ, ಆ ಬಿಸಿಲಿಗೆ ಬೇಡವೆಂದು ಮೈಯೆಲ್ಲ ಹೇಳುತ್ತಿದ್ದರೂ, ನಾನು ಅಫಜಲಪುರದ ಬಸ್ಸು ಹತ್ತಿದೆ.